ಡಾಲಿ: ಕನ್ನಡದಲ್ಲೇ ಓದಿಸಿ ನೋಡುವ ಡಿಸ್ಲೆಕ್ಸಿಯಾ ಪರೀಕ್ಷೆ

ಇಂಗ್ಲಿಷ್ ಓದಲು ತಡವರಿಸುವ ಮಗುವಿಗೆ ಡಿಸ್ಲೆಕ್ಸಿಯಾ (ಓದು–ಬರಹ ಕಲಿಯುವುದರಲ್ಲೇ ಇರುವ ತೊಡಕು) ಇದೆಯೋ, ಆ ಭಾಷೆ ಮನೆಯಲ್ಲಿ ಕಿವಿಗೇ ಬಿದ್ದಿಲ್ಲವೋ? ಬರೀ ಇಂಗ್ಲಿಷ್‌ನಲ್ಲಿ ಪರೀಕ್ಷಿಸಿದರೆ ಇದು ಬಗೆಹರಿಯುವುದಿಲ್ಲ. ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಎಂಬ ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಇದೆ. ಕನ್ನಡ ಕಲಿಸುವ ಪ್ರತಿ ಪ್ರಾಥಮಿಕ ಶಾಲೆಯಲ್ಲೂ ಇದು ಇರಬೇಕು.

ಇದರಲ್ಲಿ ಎರಡು ಹಂತ. ಮೊದಲನೆಯದು ಶಿಕ್ಷಕರೇ ತುಂಬುವ ಪ್ರಶ್ನಾವಳಿ: 1–2ನೇ ತರಗತಿಗೆ ಜೆಎಸ್‌ಟಿ, 3–5ಕ್ಕೆ ಎಂಎಸ್‌ಟಿ. ಅದರಲ್ಲಿ ಸಂಶಯ ಬಂದ ಮಕ್ಕಳಿಗಷ್ಟೇ ಮನಶ್ಶಾಸ್ತ್ರಜ್ಞರು ‘ಡ್ಯಾಬ್’ ಎಂಬ ವಿವರವಾದ ಪರೀಕ್ಷೆ ನಡೆಸುತ್ತಾರೆ. ಪ್ರಶ್ನಾವಳಿ ನೋಡಿ ಮಗುವಿಗೆ ಡಿಸ್ಲೆಕ್ಸಿಯಾ ಎಂದು ಹೆಸರಿಡುವಂತಿಲ್ಲ. ಎಡವಟ್ಟಾಗುವುದು ಬಹಳ ಸಲ ಈ ಪ್ರಶ್ನಾವಳಿ ತುಂಬುವಾಗಲೇ. ಜೂನ್‌ನಲ್ಲಿ, ಮಕ್ಕಳ ಪರಿಚಯವಾಗುವ ಮೊದಲೇ, ಹಿಂದಿನ ಅಂಕ ನೋಡಿ ಇಡೀ ತರಗತಿಯ ಹಾಳೆ ತುಂಬಿದರೆ ಉಪಯೋಗವಿಲ್ಲ. ಎರಡು–ಮೂರು ತಿಂಗಳು ಗಮನಿಸಿ, ಮಗುವಿನ ನೋಟುಪುಸ್ತಕ ಪಕ್ಕದಲ್ಲಿಟ್ಟುಕೊಂಡು ತುಂಬಬೇಕು.

ನೋಟುಪುಸ್ತಕದಲ್ಲಿ ಹುಡುಕಬೇಕಾದ್ದು ಕನ್ನಡದ್ದೇ ತಪ್ಪುಗಳನ್ನು. ‘ಅಕ್ಕ’ ಬರೆಯುವಾಗ ಒತ್ತು ಬಿಟ್ಟು ‘ಅಕ’, ಇಳಿ (‘ಆ’ಕಾರದ ಗುರುತು) ಬಿಟ್ಟು ‘ಹಾಲು’ ಹೋಗಿ ‘ಹಲು’, ಮ–ವ ಅದಲುಬದಲಾಗಿ ‘ಮರ’ ಹೋಗಿ ‘ವರ’. ಅರ್ಕಾವತ್ತು ಇನ್ನೂ ತೊಡಕಿನದು: ‘ಸೂರ್ಯ’ದಲ್ಲಿ ರಕಾರ ಕೇಳುವುದು ಯಕಾರಕ್ಕಿಂತ ಮೊದಲು, ಬರೆಯುವುದು ನಂತರ, ಮಗು ‘ಸೂಯರ’ ಎಂದು ಓದುತ್ತದೆ. ಒಂದನೇ ತರಗತಿಯಲ್ಲಿ ಇವೆಲ್ಲ ಸಹಜ. ಕಾಗುಣಿತ, ಒತ್ತಕ್ಷರ ಕೂರಲು ವರ್ಷಗಳೇ ಬೇಕು. ನಾಲ್ಕನೇ ತರಗತಿಯಲ್ಲೂ ಪುಟಪುಟಕ್ಕೂ ಕಂಡರೆ ತಡಮಾಡಬಾರದು.

ಕೊರತೆಗಳೂ ಇವೆ. ಐದನೇ ತರಗತಿ ದಾಟಿದವರಿಗೆ ಡಾಲಿ ಆಗದು, ಗಣಿತದ ತೊಂದರೆಯನ್ನೂ ಅದು ಅಳೆಯದು. ಕಲಿಕಾ ನ್ಯೂನತೆಯ ಸರ್ಕಾರಿ ಪ್ರಮಾಣಪತ್ರದ ದಾರಿಯೇ ಬೇರೆ. 2024ರಲ್ಲಿ ಪರಿಷ್ಕರಣೆಯಾಗುವ ಮುನ್ನ, 2018ರ ಕೇಂದ್ರ ಮಾರ್ಗಸೂಚಿಯಂತೆ ಮಕ್ಕಳ ವೈದ್ಯರ ತಪಾಸಣೆ, ಐಕ್ಯೂ ಪರೀಕ್ಷೆ, ಆಮೇಲೆ ನಿಮ್ಹಾನ್ಸ್ ಬ್ಯಾಟರಿ (ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಕಲಿಕಾ ಪರೀಕ್ಷೆಗಳ ಗುಚ್ಛ) ಇತ್ತು. ಕಣ್ಣು, ಕಿವಿ ಮೊದಲೇ ತೋರಿಸಿರಬೇಕು. ಆ ಮಾರ್ಗಸೂಚಿಯಲ್ಲಿ ಎಂಟು ವರ್ಷಕ್ಕೆ ಮೊದಲು ಪ್ರಮಾಣಪತ್ರವಿರಲಿಲ್ಲ. 14 ಮತ್ತು 18ಕ್ಕೆ ಮರುಪರೀಕ್ಷೆ ಇತ್ತು.

ಆದರೆ ಕಲಿಸಲು ಪ್ರಮಾಣಪತ್ರ ಕಾಯಬೇಕಿಲ್ಲ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಒಂದೇ ಚಿಹ್ನೆ ಸಾಕು. ಇಳಿಯ ವಾರದಲ್ಲಿ ‘ಬಲ–ಬಾಲ’, ‘ನಡು–ನಾಡು’ ಜೋಡಿಗಳನ್ನು ಮೊದಲು ಕಿವಿಗೆ ಹಾಕಿ: ಹ್ರಸ್ವಕ್ಕೆ ಮೇಜಿನ ಮೇಲೆ ಒಂದು ತಟ್ಟು, ದೀರ್ಘಕ್ಕೆ ಎರಡು. ‘ನಡು’ ಪದಕ್ಕೆ ಎರಡು, ‘ನಾಡು’ ಪದಕ್ಕೆ ಮೂರು ತಟ್ಟು ತಪ್ಪದೆ ಬಂದ ಮೇಲೆ ಅಕ್ಷರ ತೋರಿಸಿ. ತಪ್ಪಿದ ಪದವನ್ನು ಹತ್ತು ಸಲ ಬರೆಸುವ ರೂಢಿ ಮಾತ್ರ ದಯವಿಟ್ಟು ಬಿಡಿ. ಮಗು ಮೇಲಿನ ಸಾಲಿನ ಆಕಾರ ನೋಡಿ ಇಳಿಸುತ್ತದೆಯೇ ಹೊರತು ಅಕ್ಷರಕ್ಕೂ ಶಬ್ದಕ್ಕೂ ಗಂಟು ಬೀಳುವುದಿಲ್ಲ; ಮರುದಿನದ ಉಕ್ತಲೇಖನದಲ್ಲಿ ಮತ್ತೆ ‘ಹಲು’.