ಎಕ್ಸ್‌ಎಲ್330 ಸರ್ವೊ: ಬಾಳೆಹಣ್ಣಿಗೆ ಸೈ, ಮಲ್ಲಿಗೆ ಮೊಗ್ಗಿಗೆ ಆಗಲ್ಲ

ಡೈನಮಿಕ್ಸೆಲ್ ಎಕ್ಸ್‌ಎಲ್330-ಎಂ288 ಅನ್ನುವ ಸರ್ವೊ (ರೋಬೋಗಳ ಕೀಲು ತಿರುಗಿಸುವ ಪುಟ್ಟ ಮೋಟಾರ್) ತಗೊಂಡು ವರ್ಷದ ಮೇಲಾಯಿತು. ತೂಕ, ವೇಗ, ವೈರಿಂಗ್ ಎಲ್ಲ ನೀವು ನೋಡಿಯೇ ಇರುತ್ತೀರಿ, ಅದನ್ನು ಬಿಡೋಣ. ನಾನು ಬರೆಯುತ್ತಿರುವುದು ಇದರ ಒಂದೇ ಗುಣದ ಬಗ್ಗೆ. ಎಷ್ಟು ಬಲ ಹಾಕಬೇಕು ಅಂತ ಈ ಮೋಟಾರಿಗೆ ಹೇಳಬಹುದು.

ಮೊದಲು ನನ್ನ ರೋಬೋ ಕೈಯ ಗ್ರಿಪ್ಪರ್‌ಗೆ (ವಸ್ತು ಹಿಡಿಯುವ ಬೆರಳುಗಳ ಭಾಗ) ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಮಾಮೂಲಿ ಸರ್ವೊ ಹಾಕಿದ್ದೆ. ಅಂಥದಕ್ಕೆ ಗೊತ್ತಿರುವುದು ಕೋನ ಮಾತ್ರ. ಇಷ್ಟು ಡಿಗ್ರಿಗೆ ಹೋಗು ಅಂದರೆ ನಡುವೆ ಏನೇ ಸಿಕ್ಕರೂ ಇದ್ದ ಶಕ್ತಿಯೆಲ್ಲ ಹಾಕಿ ಒತ್ತುತ್ತಲೇ ಇರುತ್ತದೆ, ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಹಣ್ಣು ಜಜ್ಜಿಹೋಗುತ್ತದೆ, ಇಲ್ಲವೇ ಗೇರಿನ ಹಲ್ಲು ಮುರಿಯುತ್ತದೆ.

ಇದು ಹಾಗಲ್ಲ. ಕರೆಂಟ್ ಏರಿದಂತೆ ಮೋಟಾರಿನ ಬಲವೂ ಏರುತ್ತೆ, ಅಲ್ವಾ? ಹಾಗಾಗಿ ಕೋನದ ಜೊತೆ ಕರೆಂಟಿಗೂ ಮಿತಿ ಹಾಕುವ ಆಪರೇಟಿಂಗ್ ಮೋಡ್ 5ಕ್ಕೆ ಹಾಕಿ (ಟಾರ್ಕ್, ಅಂದರೆ ಮೋಟಾರಿನ ತಿರುಗಿಸುವ ಬಲ, ಆಫ್ ಮಾಡದೆ ಮೋಡ್ ಬದಲಾಗಲ್ಲ, ನೆನಪಿರಲಿ), ಪೂರ್ತಿ ಮುಚ್ಚು ಅಂತ ಹೇಳಿ, ಗೋಲ್ ಕರೆಂಟ್ ಅನ್ನುವ ಆ ಮಿತಿ ಮಾತ್ರ ಕಡಿಮೆ ಇಟ್ಟರೆ ಆಯಿತು. 5 ವೋಲ್ಟಿನಲ್ಲಿ ಇದರ ಪೂರ್ತಿ ಬಲಕ್ಕೆ 1.47 ಆಂಪಿಯರ್ ಬೇಕು. ನಾನು ಅದರಲ್ಲಿ ಸಣ್ಣ ಪಾಲು ಮಾತ್ರ ಕೊಡುತ್ತೇನೆ. ಬೆರಳುಗಳು ಏಲಕ್ಕಿ ಬಾಳೆಹಣ್ಣಿನ ಸಿಪ್ಪೆಗೆ ತಾಗುತ್ತವೆ, ಒಂದು ಚೂರು ಒತ್ತುತ್ತವೆ, ಅಲ್ಲೇ ನಿಲ್ಲುತ್ತವೆ. ಹಣ್ಣು ದಪ್ಪವೋ ಸಣ್ಣದೋ ಮೊದಲೇ ತಿಳಿಸಬೇಕಾಗಿಲ್ಲ. ಆಮೇಲೆ ಸುಲಿದು ನೋಡಿದರೆ ಒಳಗೂ ಎಲ್ಲೂ ಕಪ್ಪಾಗಿರಲ್ಲ. ನನಗೆ ಇವತ್ತಿಗೂ ಇದನ್ನು ನೋಡುವುದೇ ಖುಷಿ.

ಸಂಜೆ ಕೆಲಸ ಶುರು ಮಾಡುವ ಮುಂಚೆ ಟಾರ್ಕ್ ಆಫ್ ಇಟ್ಟು ಬೆರಳುಗಳನ್ನು ಕೈಯಿಂದಲೇ ನಿಧಾನಕ್ಕೆ ಅಗಲಿಸಿ ಮುಚ್ಚುತ್ತೇನೆ. ಎಲ್ಲಾದರೂ ಬಿಗಿ ಇದ್ದರೆ ಕೈಗೇ ಗೊತ್ತಾಗುತ್ತೆ. ಆಮೇಲೆ ಖಾಲಿ ಗ್ರಿಪ್ಪರನ್ನು ಸ್ವಲ್ಪ ಹೊತ್ತು ಆಡಿಸಿ, ಪ್ರೆಸೆಂಟ್ ಕರೆಂಟ್ (ಮೋಟಾರು ಆ ಕ್ಷಣ ಎಳೆಯುತ್ತಿರುವ ಕರೆಂಟ್) ಅಂಕಿ ಒಂದು ಹದಕ್ಕೆ ಬರುವ ತನಕ ಕಾಯುತ್ತೇನೆ.

ಕಾಯಬೇಕಾಗಿರುವುದೇ ಬೇಸರ. ಅದಕ್ಕೆ ಕಾರಣ ಗೇರುಗಳು. ಒಳಗಿರುವ ಗೇರ್ ಸಾಲು ಮೋಟಾರಿನ ಸುಮಾರು 288 ಸುತ್ತನ್ನು ಒಂದು ಸುತ್ತಿಗೆ ಇಳಿಸುತ್ತೆ. ಅಷ್ಟೂ ಹಲ್ಲುಗಳು ಒಂದಕ್ಕೊಂದು ಉಜ್ಜುತ್ತವೆ, ಆ ಉಜ್ಜಾಟಕ್ಕೇ ಕರೆಂಟ್ ಖರ್ಚಾಗುತ್ತೆ. ಅಂದರೆ ತೆರೆಯ ಮೇಲೆ ಕಾಣುವ ಅಂಕಿ ಬೆರಳ ತುದಿಯ ಬಲವಲ್ಲ, ಬಲ ಮತ್ತು ಉಜ್ಜಾಟ ಎರಡೂ ಸೇರಿದ್ದು. ಮಲ್ಲಿಗೆ ಮೊಗ್ಗು ಹಿಡಿಸಲು ಕರೆಂಟ್ ಇಳಿಸುತ್ತಾ ಹೋದೆ. ಒಂದು ಹಂತದಲ್ಲಿ ಬೆರಳು ಅಲುಗಾಡುವುದೇ ನಿಂತಿತು. ಒಂಚೂರು ಏರಿಸಿದರೆ ತಟ್ಟನೆ ಮುಂದಕ್ಕೆ ಬಂದು ಮೊಗ್ಗಿನ ತೊಟ್ಟನ್ನೇ ಚಪ್ಪಟೆ ಮಾಡಿತು. ಜಾಸ್ತಿ ಗೇರ್ ಇರುವ ಯಾವ ಸರ್ವೊ ಆದರೂ ಹೀಗೇ. ಆದರೆ ಬಲ ನಿಯಂತ್ರಣ ಅನ್ನುವ ಮಾತು ನಂಬಿ ದುಡ್ಡು ಹಾಕುವವರಿಗೆ ಇದು ಮೊದಲೇ ತಿಳಿದಿರಬೇಕು. ನಿಜವಾದ ನಾಜೂಕು ಬೇಕಿದ್ದರೆ ಬೆರಳ ತುದಿಯಲ್ಲೇ ಸೆನ್ಸರ್ ಕೂರಿಸಬೇಕು. ಇಲ್ಲವೇ ಇದೇ ಸಾಲಿನ ಎಂ077 ನೋಡಿ. ಅದರಲ್ಲಿ ಗೇರ್ ಇಳಿಕೆ ಸುಮಾರು 77 ಮಾತ್ರ, ಹಾಗಾಗಿ ಹಗುರವಾಗಿ ತಿರುಗುತ್ತೆ, ಬಲ ಮಾತ್ರ ಅರ್ಧಕ್ಕೂ ಕಡಿಮೆ.

ಬೆಲೆ ಮಾಮೂಲಿ ಸರ್ವೊಗಿಂತ ಎಷ್ಟೋ ಪಟ್ಟು ಜಾಸ್ತಿ. ಎಲ್ಲ ಕೀಲಿಗೂ ಇದನ್ನೇ ಹಾಕುವಷ್ಟು ನನ್ನ ಕೈಯಲ್ಲಾಗಲ್ಲ, ಗ್ರಿಪ್ಪರ್‌ಗೆ ಮಾತ್ರ ಇಟ್ಟುಕೊಂಡಿದ್ದೇನೆ. ಅಷ್ಟಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಆರ್‌ಸಿ (ರಿಮೋಟಿನಿಂದ ಓಡಿಸುವ) ಕಾರು, ವಿಮಾನದವರು ಒಂದು ವಿಷಯ ಗಮನಿಸಿ: ಅಂಗಡಿಯಿಂದ ಬಂದ ಹಾಗೇ ಇದು ರಿಸೀವರ್ ಮಾತು ಕೇಳಲ್ಲ, ಮೊದಲು ಇದರ ಪ್ರೊಟೊಕಾಲ್ ಟೈಪ್ ಸೆಟ್ಟಿಂಗನ್ನು ಆರ್‌ಸಿ ಸಿಗ್ನಲ್ಲಿಗೆ ಬದಲಿಸಬೇಕು, ಆಮೇಲೆ ನಡುವೆ ಸಿಗ್ನಲ್ ಬದಲಿಸಿ ಕೊಡುವ ಬೋರ್ಡ್ ಬೇಕಾಗಲ್ಲ.