ಅದೇ ಡಿಸ್ಕ್‌ಗಳು, ಬೇರೆ ಜೋಡಣೆ: ಓಪನ್‌ಜೆಡ್‌ಎಫ್‌ಎಸ್ ಬಳಕೆಯ ಅನುಭವ

ಮಲೆನಾಡಿನ ಒಂದು ಪತ್ತಿನ ಸಹಕಾರ ಸಂಘದ ಸರ್ವರ್ ನೋಡಿಕೊಳ್ಳುವ ಹೊಣೆ ನನ್ನದು. ಸಂಜೆ ಐದರ ಹೊತ್ತಿಗೆ ಪಿಗ್ಮಿ ಸಂಗ್ರಾಹಕರು ತಮ್ಮ ಕೈಯಂತ್ರಗಳನ್ನು ತಂದು ದಿನದ ವಸೂಲಿಯನ್ನು ಖಾತೆಗಳಿಗೆ ಏರಿಸುತ್ತಾರೆ. ಅದೇ ಸಮಯಕ್ಕೆ ಸದಸ್ಯರೊಬ್ಬರು ಬಂದು ಸಾಲದ ಲೆಡ್ಜರ್ ಕೇಳಿದರೆ, ಕೌಂಟರಿನ ಪರದೆಯ ಮೇಲೆ ಸುತ್ತುವ ಚಕ್ರವೊಂದನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹೊಸ ಸರ್ವರ್ ಕೊಳ್ಳುವ ಮಾತು ಆಡಳಿತ ಮಂಡಳಿಯ ಸಭೆಯವರೆಗೂ ಹೋಗಿತ್ತು. ಆದರೆ ಒಂದು ಸಂಜೆ ಪಕ್ಕದಲ್ಲೇ ಕುಳಿತು ಗಮನಿಸಿದಾಗ, ಪ್ರೊಸೆಸರ್ ಬಹುಪಾಲು ಬಿಡುವಾಗಿಯೇ ಇತ್ತು; ಎಲ್ಲ ಕೆಲಸವೂ ಡಿಸ್ಕ್‌ಗಳ ಮುಂದೆ ಸರದಿ ನಿಂತಿರುವುದು ಡಿಸ್ಕ್‌ಗಳ ಓದು-ಬರಹವನ್ನು ಅಳೆದು ತೋರಿಸುವ ‘ಜೆಡ್‌ಪೂಲ್ ಐಓಸ್ಟ್ಯಾಟ್’ ಆದೇಶದ ಅಂಕಿಗಳಲ್ಲಿ ಸ್ಪಷ್ಟವಾಗಿ ಕಂಡಿತು.

ಅಲ್ಲಿ ಮೊದಲಿನಿಂದಲೂ ಇದ್ದದ್ದು ಓಪನ್‌ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದ ಜೆಡ್‌ಎಫ್‌ಎಸ್, 2013ರಿಂದ ಈ ಹೆಸರಿನ ಯೋಜನೆಯಾಗಿ ಬೆಳೆಯುತ್ತಿದೆ. ಡಿಸ್ಕ್‌ಗಳನ್ನು ಒಂದುಗೂಡಿಸುವುದು, ಅದರ ಮೇಲೆ ಕಡತಗಳನ್ನು ಇಡುವುದು, ಬರೆದದ್ದು ಕೆಟ್ಟಿಲ್ಲವೆಂದು ಚೆಕ್‌ಸಮ್ (ದತ್ತಾಂಶದಿಂದ ಲೆಕ್ಕಹಾಕಿದ ತಾಳೆಸಂಖ್ಯೆ) ಮೂಲಕ ಖಾತರಿಪಡಿಸಿಕೊಳ್ಳುವುದು, ಈ ಮೂರನ್ನೂ ಇದೊಂದೇ ಮಾಡುತ್ತದೆ. ದೋಷ ಇದ್ದದ್ದು ತಂತ್ರಾಂಶದಲ್ಲಲ್ಲ, ಹಿಂದೆ ನಾನೇ ಮಾಡಿದ ಜೋಡಣೆಯಲ್ಲಿ.

4 ಟಿಬಿಯ ನಾಲ್ಕು ಡಿಸ್ಕ್‌ಗಳನ್ನು ಸೇರಿಸಿ ಒಂದೇ ರೇಡ್‌ಜೆಡ್ ಗುಂಪು, ಅಂದರೆ ದತ್ತಾಂಶವನ್ನೂ ಅದನ್ನು ಮರಳಿ ಪಡೆಯಲು ಬೇಕಾದ ಹೆಚ್ಚುವರಿ ಮಾಹಿತಿಯನ್ನೂ ಎಲ್ಲ ಡಿಸ್ಕ್‌ಗಳಿಗೆ ಹಂಚುವ ಜೋಡಣೆ, ಮಾಡಿದ್ದೆ. ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುತ್ತದೆ, ಸುಮಾರು 12 ಟಿಬಿ ಜಾಗವೂ ಸಿಗುತ್ತದೆ ಎಂಬ ಲೆಕ್ಕಾಚಾರ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್‌ನಲ್ಲಿ ಬೇಕಾದ ಜಾಗ ಓದುವ ಹೆಡ್‌ನ ಕೆಳಗೆ ಬರುವುದಕ್ಕೇ ಸರಾಸರಿ 4 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಹೆಡ್ ಸರಿಯುವ ಸಮಯವನ್ನೂ ಕೂಡಿಸಿದರೆ ಅಲ್ಲೊಂದು ಇಲ್ಲೊಂದು ಎಂಬಂತಹ ಚಿಕ್ಕ ಓದುಗಳು ಸೆಕೆಂಡಿಗೆ ನೂರರ ಆಸುಪಾಸಿನಲ್ಲೇ ನಿಲ್ಲುತ್ತವೆ. ರೇಡ್‌ಜೆಡ್‌ನಲ್ಲಿ ದತ್ತಾಂಶದ ದೊಡ್ಡ ತುಣುಕು (ಬ್ಲಾಕ್) ಒಂದು ಎಲ್ಲ ಡಿಸ್ಕ್‌ಗಳಿಗೂ ಹಂಚಿಹೋಗುವುದರಿಂದ, ಒಂದು ಬ್ಲಾಕ್ ಓದಲು ಹೆಚ್ಚುಕಡಿಮೆ ಎಲ್ಲವೂ ಹೊರಳಬೇಕಾಗುತ್ತದೆ; ಈ ಬಗೆಯ ಕೆಲಸಕ್ಕೆ ನಾಲ್ಕು ಡಿಸ್ಕ್‌ಗಳಿದ್ದರೂ ವೇಗ ಮಾತ್ರ ಒಂದರದ್ದೇ. ಅದರ ಮೇಲೆಯೇ ಪೋಸ್ಟ್‌ಗ್ರೆಸ್ ಡೇಟಾಬೇಸ್, ಸಾಲದ ಕಾಗದಪತ್ರಗಳ ಸ್ಕ್ಯಾನ್ ಪ್ರತಿಗಳು, ಹಗಲಿರುಳೂ ಬರೆಯುತ್ತಲೇ ಇರುವ ಸಿಸಿಟಿವಿ ದೃಶ್ಯಗಳು ಎಲ್ಲವನ್ನೂ ಹೇರಿದ್ದೆ. ಗೋಡೆಯ ಮೇಲಿನ ಕ್ಯಾಮೆರಾ ಪಾಸ್‌ಬುಕ್ಕಿನ ನಮೂದನ್ನು ಕಾಯಿಸುತ್ತಿದೆ ಎಂದು ಯಾರಿಗೆ ತಾನೇ ಹೊಳೆದೀತು?

ಎರಡನೇ ಶನಿವಾರ ಮತ್ತು ಭಾನುವಾರದ ರಜೆಯನ್ನು ಹಿಡಿದು ಮರುಜೋಡಣೆಗೆ ಕೈಹಾಕಿದೆ. ಡೇಟಾಬೇಸ್‌ಗೆಂದು ಎರಡು ಎಸ್‌ಎಸ್‌ಡಿಗಳ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್‌ಗಳು) ಮಿರರ್, ಅಂದರೆ ಎರಡರಲ್ಲೂ ಒಂದೇ ಪ್ರತಿ ಇರುವ ಜೋಡಿ, ಮಾಡಿದೆ. ವಿದ್ಯುತ್ ಹಠಾತ್ತನೆ ಹೋದರೂ ಬರೆಯುತ್ತಿದ್ದುದನ್ನು ಪೂರೈಸುವಂತಹ ಕೆಪಾಸಿಟರ್ ಇರುವ ಎಸ್‌ಎಸ್‌ಡಿಗಳನ್ನೇ ಆರಿಸಿದ್ದೆ, ಏಕೆಂದರೆ ಪ್ರತಿ ಜಮೆಯೂ ಡಿಸ್ಕ್ ಸೇರಿತೆಂಬ ಖಾತರಿ ಸಿಗುವವರೆಗೆ ಪೋಸ್ಟ್‌ಗ್ರೆಸ್ ಕಾಯುತ್ತದೆ. ಹಳೆಯ ನಾಲ್ಕು ಡಿಸ್ಕ್‌ಗಳು ಎರಡು ಮಿರರ್ ಜೋಡಿಗಳಾಗಿ ಸ್ಕ್ಯಾನ್ ಪ್ರತಿಗಳಿಗೆ ಮೀಸಲಾದವು. ಜಾಗ 8 ಟಿಬಿಗೆ ಇಳಿಯಿತು, ಆ ನಷ್ಟವನ್ನು ಒಪ್ಪಿಕೊಂಡೆ. ಸಿಸಿಟಿವಿಗೆ ಬೇರೆಯದೇ ಒಂದು ಡಿಸ್ಕ್.

ಇಲ್ಲಿಯೇ ಎಡವಿದ್ದು. ಜೆಡ್‌ಎಫ್‌ಎಸ್‌ನ ರೆಕಾರ್ಡ್‌ಸೈಜ್ (ಬ್ಲಾಕ್‌ನ ಗರಿಷ್ಠ ಗಾತ್ರ) ತಾನಾಗಿ 128 ಕೆಬಿ ಇರುತ್ತದೆ, ಪೋಸ್ಟ್‌ಗ್ರೆಸ್ ಒಮ್ಮೆಗೆ ಓದಿ ಬರೆಯುವ ಪುಟವಾದರೋ 8 ಕೆಬಿ. ಒಂದು ಪುಟ ಬದಲಾದರೆ ಇಡೀ 128 ಕೆಬಿಯನ್ನು ಓದಿ, ತಿದ್ದಿ, ಹೊಸ ಜಾಗದಲ್ಲಿ ಬರೆಯಬೇಕು. ಅದಕ್ಕಾಗಿ ಹೊಸ ಡೇಟಾಸೆಟ್‌ಗೆ (ಕಡತಗಳ ಪ್ರತ್ಯೇಕ ವಿಭಾಗಕ್ಕೆ) 16 ಕೆಬಿ ನಿಗದಿಪಡಿಸಿ, ‘ಜೆಡ್‌ಎಫ್‌ಎಸ್ ಸೆಂಡ್’ ಮತ್ತು ‘ರಿಸೀವ್’ ಮೂಲಕ ಡೇಟಾಬೇಸನ್ನು ಸಾಗಿಸಿ, ಕೆಲಸ ಮುಗಿಯಿತೆಂದುಕೊಂಡೆ. ಅನುಮಾನ ಬಂದು ಶನಿವಾರ ರಾತ್ರಿ ಒಳರಚನೆ ತೋರಿಸುವ ‘ಜೆಡ್‌ಡಿಬಿ’ಯಲ್ಲಿ ಒಂದು ಟೇಬಲ್‌ನ ಕಡತವನ್ನು ತೆರೆದು ನೋಡಿದರೆ, ಬ್ಲಾಕ್ ಗಾತ್ರ ಮೊದಲಿನಂತೆಯೇ 128 ಕೆಬಿ! ಸೆಂಡ್ ಆದೇಶ ಬ್ಲಾಕ್‌ಗಳನ್ನು ಇದ್ದ ಗಾತ್ರದಲ್ಲೇ ಒಯ್ಯುತ್ತದೆ. ಹೊಸ ಗಾತ್ರ ಅನ್ವಯಿಸುವುದು ಹೊಸದಾಗಿ ಬರೆದ ಕಡತಗಳಿಗೆ ಮಾತ್ರ. ಕೊನೆಗೆ ಡೇಟಾಬೇಸನ್ನು ಡಂಪ್ ತೆಗೆದು (ಎಲ್ಲ ಮಾಹಿತಿಯನ್ನು ಹೊರಗೆ ಬರೆದಿಟ್ಟು) ಮತ್ತೆ ತುಂಬಿಸುವ ಹೊತ್ತಿಗೆ ಭಾನುವಾರದ ಊಟದ ಹೊತ್ತೂ ಮೀರಿತ್ತು. ಹೊರಗಿನ ಡಿಸ್ಕ್‌ನಲ್ಲಿ ಪೂರ್ಣ ಬ್ಯಾಕಪ್ ಇದ್ದುದರಿಂದ ಜೀವ ಕೈಯಲ್ಲಿ ಹಿಡಿದು ಕೂರಬೇಕಾಗಲಿಲ್ಲ.

ಸೋಮವಾರ ಸಂಜೆ ಸಂಗ್ರಾಹಕರು ಏರಿಸುತ್ತಿರುವಾಗಲೇ ಕೌಂಟರಿನಲ್ಲಿ ಲೆಡ್ಜರ್ ತೆರೆಯಿತು. ಗುಮಾಸ್ತರು ಏನೂ ಹೇಳಲಿಲ್ಲ, ಮುಂದಿನ ಸದಸ್ಯರನ್ನು ಕರೆದರು. ಪ್ರೊಸೆಸರ್, ಮೆಮೊರಿ, ತಂತ್ರಾಂಶ ಯಾವುದನ್ನೂ ಮುಟ್ಟಿರಲಿಲ್ಲ. ಎಸ್‌ಎಸ್‌ಡಿಯ ಪಾತ್ರ ದೊಡ್ಡದೆಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಸ್ಕ್ಯಾನ್ ಪ್ರತಿಗಳು ಇರುವುದು ಹಳೆಯ ಡಿಸ್ಕ್‌ಗಳಲ್ಲೇ, ಅವೂ ಈಗ ಕಾಯಿಸದೆ ತೆರೆದುಕೊಳ್ಳುತ್ತಿವೆ.

ಆಕ್ಷೇಪಗಳೂ ಇವೆ. ರೇಡ್‌ಜೆಡ್ ಅನ್ನು ಇದ್ದಲ್ಲೇ ಮಿರರ್ ಆಗಿ ಬದಲಿಸಲು ದಾರಿಯೇ ಇಲ್ಲ, ಪೂಲ್ (ಒಂದುಗೂಡಿಸಿದ ಡಿಸ್ಕ್‌ಗಳ ಇಡೀ ಸಂಗ್ರಹ) ಅಳಿಸಿ ಹೊಸದಾಗಿ ಕಟ್ಟಬೇಕು. 2025ರ ಜನವರಿಯಲ್ಲಿ ಬಂದ 2.3 ಆವೃತ್ತಿಯಿಂದ ರೇಡ್‌ಜೆಡ್ ಗುಂಪಿಗೆ ಡಿಸ್ಕ್ ಸೇರಿಸಬಹುದಾದರೂ ಹಳೆಯ ಬ್ಲಾಕ್‌ಗಳು ದತ್ತಾಂಶ ಮತ್ತು ಹೆಚ್ಚುವರಿ ಮಾಹಿತಿಯ ಹಳೆಯ ಅನುಪಾತದಲ್ಲೇ ಉಳಿಯುತ್ತವೆ. ಬರೆದದ್ದರ ಮೇಲೆಯೇ ಬರೆಯದೆ ಪ್ರತಿ ಬಾರಿಯೂ ಹೊಸ ಜಾಗ ಹುಡುಕುವ ಸ್ವಭಾವದಿಂದಾಗಿ ಪೂಲ್ ತುಂಬುತ್ತ ಹೋದಂತೆ ನಿಧಾನವಾಗುತ್ತದೆ. ಶೇಕಡ 80ರೊಳಗೆ ಇಡಬೇಕೆಂಬ ರೂಢಿಯ ಸಲಹೆಯನ್ನು ಪಾಲಿಸಿದರೆ ನನ್ನ 8 ಟಿಬಿಯಲ್ಲಿ ನಿಜಕ್ಕೂ ಕೈಗೆ ಸಿಗುವುದು ಆರೂವರೆಗೂ ಕಡಿಮೆ.

ಇನ್ನೊಂದು ಕಿರಿಕಿರಿ ಪರವಾನಗಿಯದ್ದು. ಜೆಡ್‌ಎಫ್‌ಎಸ್‌ನ ಪರವಾನಗಿ ಸಿಡಿಡಿಎಲ್ ಮತ್ತು ಲಿನಕ್ಸ್‌ನ ಪರವಾನಗಿ ಜಿಪಿಎಲ್ ಹೊಂದಿಕೆಯಾಗದ ಕಾರಣ ಇದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೆ ಸೇರಿಲ್ಲ. ಲಿನಕ್ಸ್‌ನ ಒಂದು ರೂಪವಾದ ಉಬುಂಟು ಇದನ್ನು 2016ರಿಂದ ತಾನೇ ಒದಗಿಸುತ್ತಿದೆ, ಆದ್ದರಿಂದ ಅಲ್ಲಿ ತೊಂದರೆ ಕಡಿಮೆ. ಈ ಸರ್ವರ್‌ನಲ್ಲಿರುವುದು ಇನ್ನೊಂದು ರೂಪವಾದ ಡೆಬಿಯನ್. ಕರ್ನಲ್ ಬದಲಾದಾಗಲೆಲ್ಲ ಜೆಡ್‌ಎಫ್‌ಎಸ್‌ನ ಮಾಡ್ಯೂಲ್ (ಕರ್ನಲ್‌ಗೆ ಸೇರಿಸುವ ಭಾಗ) ಮತ್ತೆ ಕಟ್ಟಿಕೊಳ್ಳಬೇಕಾಗುತ್ತದೆ. ಹಾಗಾಗಿ ಕರ್ನಲ್ ಅಪ್‌ಡೇಟ್‌ಗಳನ್ನು ತಡೆಹಿಡಿದು, ಎರಡನೇ ಶನಿವಾರ ಬೆಳಿಗ್ಗೆ ನಾನು ಎದುರಿಗಿರುವಾಗ ಮಾತ್ರ ಹಾಕುತ್ತಿದ್ದೇನೆ.