ಮನೆ ಗಿರಣಿ ಕೊಳ್ಳುವ ಮುಂಚೆ ಒಮ್ಮೆ ಮಗುಚಿ ನೋಡಿ

ಮನೆಯಲ್ಲೇ ಹಿಟ್ಟು ಬೀಸಿಕೊಳ್ಳಲು ಕರೆಂಟಿನ ಗಿರಣಿ ತರಬೇಕು ಅಂತಿರುವವರು ದಯವಿಟ್ಟು ದುಡ್ಡು ಕೊಡುವ ಮುಂಚೆ ಇದನ್ನು ಓದಿ. ನನಗೆ ಮಾರಿದವನು ಹೇಳಿದ್ದು: ಒಂದು ಎಚ್‌ಪಿ ಮೋಟಾರು, ಕಲ್ಲಿನಲ್ಲೇ ಬೀಸುತ್ತೆ, ಹಿಟ್ಟು ಬಿಸಿಯೇ ಆಗಲ್ಲ. ಮೂರೂ ಸುಳ್ಳು. ಮೂರಕ್ಕೆ ಮೂರೂ!

ಅವನು ಎರಡು ಹಿಡಿ ಗೋಧಿ ಹಾಕಿ ಬೀಸಿ ತೋರಿಸಿದ. ನುಣ್ಣಗೆ, ತಣ್ಣಗೆ ಬಂತು. ಬರದೇ ಏನು? ಎರಡು ಹಿಡಿಗೆ ಯಾವ ಯಂತ್ರ ತಾನೇ ಕಾದೀತು? ಮನೆಯಲ್ಲಿ ಮೇಲಿನ ಬಟ್ಟಲು ತುಂಬ ಹಾಕಿ ಓಡಿಸಿದಾಗ ಬಣ್ಣ ಬಯಲಾಯಿತು. ಮೊದಲು ಕಿವಿ ಚುಚ್ಚುವ ಸದ್ದು, ಆಮೇಲೆ ಸುಟ್ಟ ವಾಸನೆ, ಅರ್ಧ ಗೋಧಿ ಇನ್ನೂ ಮೇಲೇ ಇದ್ದಾಗ ನಿಂತೇ ಹೋಯಿತು. ಬಿದ್ದಿದ್ದ ಹಿಟ್ಟಿನೊಳಗೆ ಕೈ ಇಡಲಾಗದಷ್ಟು ಕಾವು. ಹೀಗೆ ಕಾದ ಹಿಟ್ಟನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಒಳಗೇ ಬೆವರಿ ಗಂಟು ಕಟ್ಟುತ್ತೆ. ಇಡೀ ಕಾಳಿನ ಹಿಟ್ಟು ಬೇರೆ, ಮೊಳಕೆ ಭಾಗದ ಎಣ್ಣೆಯೂ ಅದರಲ್ಲೇ ಇರುತ್ತೆ, ಬೇಗ ಕಮಟು ಹಿಡಿಯುತ್ತೆ. ತಾಜಾ ಹಿಟ್ಟು ಬೇಕು ಅಂತಲೇ ಅಲ್ಲವೇ ಇದನ್ನು ತರುವುದು?

ಫೋನ್ ಮಾಡಿದೆ. "ಕೆಟ್ಟಿಲ್ಲ ಮೇಡಂ, ಕಾದಾಗ ತಾನಾಗೇ ನಿಲ್ಲುತ್ತೆ, ಅದು ಸೇಫ್ಟಿ." ಮತ್ತೆ ಮಾಡಿದೆ. "ನಿಮ್ಮ ಗೋಧಿ ಹಸಿ ಇರಬೇಕು." ಹಸಿ ಕಾಳು ಮೆತ್ತಿಕೊಳ್ಳುತ್ತೆ ಅನ್ನೋದು ನನಗೂ ಗೊತ್ತು. ನನ್ನ ಗೋಧಿ ಹಲ್ಲಿಗೆ ಹಾಕಿದರೆ ಟಕ್ ಅಂತ ಮುರಿಯುತ್ತಿತ್ತು.

ಸಿಟ್ಟು ತಡೆಯಲಾಗದೆ ಪ್ಲಗ್ ಕಿತ್ತು ಯಂತ್ರ ಮಗುಚಿದೆ. ತಳದಲ್ಲಿ ಒಂದು ಸಣ್ಣ ಚೀಟಿ: 370 ವ್ಯಾಟ್. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಅರ್ಧ ಎಚ್‌ಪಿಯೂ ಪೂರ್ತಿ ಇಲ್ಲ! ಮನೆಯವರೆಲ್ಲ ಸುತ್ತ ನಿಂತಿದ್ದರು, ಅವರೆದುರು ಅದನ್ನು ಎಷ್ಟು ಹೊಗಳಿದ್ದೆ ನಾನು. ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು. ಮುಚ್ಚಳ ಬಿಚ್ಚಿದೆ. ಕಲ್ಲೇ ಇಲ್ಲ. ಉಕ್ಕಿನ ಬ್ಲೇಡು, ಸುತ್ತ ತೂತಿನ ಜಾಲರಿ, ಅಷ್ಟೇ. ಬ್ಲೇಡಿನ ಗಿರಣಿ ಕೆಟ್ಟದ್ದು ಅಂತಲ್ಲ, ಕಾಳು ಬಡಿದು ಪುಡಿ ಮಾಡುವ ಅದೂ ಒಂದು ಬಗೆ. ಆದರೆ ಕಲ್ಲು ಅಂತ ಹೇಳಿ ಕಲ್ಲಿನ ದುಡ್ಡು ಯಾಕೆ ತೆಗೆದುಕೊಂಡ?

ಕೇಳಿದರೆ ಬಂದ ಉತ್ತರ ನೋಡಿ. "ಒಂದು ಎಚ್‌ಪಿ ಅನ್ನೋದು ಪೀಕ್ ಪವರ್ ಮೇಡಂ." ಅಂದರೆ ಕ್ಷಣಹೊತ್ತು ಮಾತ್ರ ಮುಟ್ಟುವ ಗರಿಷ್ಠ ಶಕ್ತಿ, ಸದಾ ಸಿಗುವುದಲ್ಲ. ಕಲ್ಲೆಲ್ಲಿ? "ಕಲ್ಲಿನಷ್ಟೇ ನುಣ್ಣಗೆ ಬರುತ್ತೆ ಅಂದಿದ್ದೆ." ವಾಪಸ್ ತಗೊಳ್ಳಿ ಅಂದೆ. "ಬಿಚ್ಚಿಬಿಟ್ಟಿದ್ದೀರಲ್ಲ, ವಾರಂಟಿ ಹೋಯ್ತು." ಬಿಚ್ಚದೇ ಇದ್ದಿದ್ದರೆ ಕಲ್ಲಿಲ್ಲ ಅಂತ ಗೊತ್ತಾಗುವುದು ಹೇಗೆ? ಜಾಲರಿ ಬದಲಿಸಲು, ಒಳಗಿನ ಹಿಟ್ಟು ಒರೆಸಲು ಹೇಗಿದ್ದರೂ ಬಿಚ್ಚಲೇಬೇಕು. ಅದಕ್ಕೆ ಮಾತ್ರ ಉತ್ತರವಿಲ್ಲ.

ನೀವು ಹೋದರೆ ನಿಮ್ಮದೇ ಕಾಳು ಒಯ್ಯಿರಿ. ಬಟ್ಟಲು ತುಂಬ ಹಾಕಿಸಿ, ಕೊನೆಯ ಕಾಳಿನವರೆಗೂ ಓಡಿಸಿ, ಹಿಟ್ಟಿನೊಳಗೆ ಕೈಯಿಟ್ಟು ನೋಡಿ. ತಳದ ಚೀಟಿ ಓದಿ. ಮುಚ್ಚಳ ತೆಗೆಸಿ ಒಳಗೆ ಕಲ್ಲೋ ಬ್ಲೇಡೋ ಕಣ್ಣಾರೆ ನೋಡಿ. ವ್ಯಾಟ್ ಎಷ್ಟು, ಬೀಸುವುದು ಯಾವುದರಲ್ಲಿ, ಎರಡನ್ನೂ ಬಿಲ್ಲಿನಲ್ಲಿ ಬರೆಸಿ. ನನ್ನ ಬಿಲ್ಲಿನಲ್ಲಿರುವುದು "ಹಿಟ್ಟಿನ ಯಂತ್ರ, 1" ಅಂತ ಮಾತ್ರ. ದೂರು ಕೊಡಲು ಹೊರಟರೆ ಅವನ ಬಾಯಿಮಾತಿಗೆ ಸಾಕ್ಷಿ ಎಲ್ಲಿಂದ ತರಲಿ? ಈಗಂತೂ ಫೋನನ್ನೇ ಎತ್ತುತ್ತಿಲ್ಲ.